ಪಿಕಪ್ ಗಾಡಿಯ ಬಾಗಿಲು ಮುಚ್ಚದಿದ್ದುದಕ್ಕೆ ನನ್ನ ಸಮಜಾಯಿಷಿ

ಓದುಗರಲ್ಲಿ ಮೊದಲಿಗೇ ಅರಿಕೆ ಮಾಡಿಕೊಳ್ಳಬೇಕಾದ ಸಂಗತಿಯೆಂದರೆ, ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ನಾನು ಈವರೆಗೆ ಬರೆದವನಲ್ಲ. ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಇತರರ ಲೋಪಗಳಿಗೆ ಸಮಜಾಯಿಷಿ ಬರೆದುಕೊಡುವುದರಲ್ಲಿಯೇ ನನ್ನ ಸೇವೆಯ ಬಹುಭಾಗ ಸಂದಿದೆ. ಆದ್ದರಿಂದ ಈ ಬರಹದಲ್ಲಿ ‘ಸದರಿ’, ‘ಮೇಲ್ಕಂಡ’ ಎಂಬ ಪದಗಳು ಅಲ್ಲಲ್ಲಿ ತಲೆಹಾಕಿದರೆ ಮನ್ನಿಸಬೇಕು. ಈ ಬಾರಿಯ ಲೋಪ ನನ್ನದೇ ಆಗಿರುವುದರಿಂದ, ಮುಚ್ಚುಮರೆಯಿಲ್ಲದೆ ಬರೆಯಲು ಪ್ರಯತ್ನಿಸಿದ್ದೇನೆ.

ನಮ್ಮ ಮನೆ ಇರುವುದು ಉಡಿಗಾಲದಲ್ಲಿ. ಅವ್ವ, ಅಣ್ಣ, ಅತ್ತಿಗೆ ಮತ್ತು ನಾನು, ಈ ಪ್ರಕರಣಕ್ಕೆ ಸಂಬಂಧಪಟ್ಟವರು ಇಷ್ಟೇ ಜನ. ಅಣ್ಣನ ಬಳಿ ಒಂದು ಹಳೆಯ ಪಿಕಪ್ ಗಾಡಿ ಇದೆ. ಒಂದು ಕಾಲಕ್ಕೆ ಬಿಳಿಯಾಗಿದ್ದ ಅದರ ಬಣ್ಣ ಈಗ ಹಾಲು ಕಡಿಮೆಯಾದ ಚಹಾದಂತಿದೆ. ಅರಿಶಿನ, ಈರುಳ್ಳಿ, ಬೀಟ್‌ರೂಟ್, ಚೆಂಡು ಹೂ ಎಲ್ಲವೂ ಅದರಲ್ಲಿಯೇ ಸಾಗುತ್ತವೆ. ಎಂಜಿನ್ನಿನ ಮೇಲೆ ಯಾವ ದೂರೂ ಇರಲಿಲ್ಲ. ದೂರು ಇದ್ದುದು ಬಾಗಿಲುಗಳ ಮೇಲೆ.

ಎಡಗಡೆಯ ಬಾಗಿಲು ತನಗೆ ಮನಸ್ಸಾದಾಗ ಮುಚ್ಚುತ್ತಿತ್ತು. ಚಾಲಕನ ಕಡೆಯ ಬಾಗಿಲಾದರೋ ಒಳಗಿನಿಂದ ಎಷ್ಟು ಎಳೆದರೂ ಕೂರುತ್ತಿರಲಿಲ್ಲ. ಹೊರಗೊಬ್ಬರು ನಿಂತು, ಕೆಳಗಂಚನ್ನು ತುಸು ಎತ್ತಿ, ಭುಜ ಕೊಟ್ಟು ಬಡಿಯಬೇಕಿತ್ತು. ಹೀಗಾಗಿ ಅಣ್ಣ ಹೋಗುವ ಕಡೆಯಲ್ಲೆಲ್ಲ ಬಾಗಿಲು ಬಡಿಯುವವರೊಬ್ಬರು ನಿಗದಿಯಾಗಿದ್ದರು. ಮನೆಯ ಮುಂದೆ ನಾನು. ಸಂತೆಮರಹಳ್ಳಿಯಲ್ಲಿ ಚಹಾ ಅಂಗಡಿಯಾತ. ಆತನ ಎರಡೂ ಕೈಗಳಲ್ಲಿ ಲೋಟಗಳಿರುತ್ತಿದ್ದುದರಿಂದ ಸೊಂಟದಿಂದ ಬಡಿಯುತ್ತಿದ್ದ. ಗುಂಡ್ಲುಪೇಟೆಯ ಮಂಡಿಯಲ್ಲಿ ಮೂಟೆ ಹೊರುವ ಹಿರಿಯರೊಬ್ಬರು ಮೊಣಕಾಲು ಕೊಡುತ್ತಿದ್ದರು. ಒಮ್ಮೆ ಗುಂಡ್ಲುಪೇಟೆಯಾಚೆಯ ಮದ್ದೂರಿನ ಕಾಡುದಾರಿಯಲ್ಲಿ, ಅಲುಗಾಡುತ್ತಿದ್ದ ಮೂಟೆಗಳನ್ನು ಬಿಗಿಯಲು ಕೆಳಗಿಳಿದ ಅಣ್ಣನಿಗೆ ಮತ್ತೆ ಬಾಗಿಲು ಹಾಕುವವರು ಸಿಗದೆ, ಹಿಂದಿನಿಂದ ಬಂದ ಕೇರಳದ ಲಾರಿಯನ್ನು ಕೈಯಡ್ಡ ಹಿಡಿದು ನಿಲ್ಲಿಸಿದ್ದುಂಟು. ಮುಂದೆ ಆನೆಯಿದೆಯೆಂದು ತಿಳಿದು ಲಾರಿಯವನು ಎಂಜಿನ್ ಆರಿಸಿ, ಉಸಿರು ಬಿಗಿಹಿಡಿದು ಕುಳಿತನಂತೆ.

ಅಣ್ಣನಿಗೆ ಇದರಿಂದ ನಾಚಿಕೆಯಾಗುವ ಬದಲು ಹೆಮ್ಮೆಯಾಗುತ್ತಿತ್ತು. “ನನ್ ಗಾಡಿ ಬಾಗ್ಲಾಕಕ್ಕೆ ಮೂರೂರಲ್ಲಿ ಆಳ್ಗಳವ್ರೆ ಕಣ್ಲಾ” ಎನ್ನುತ್ತಿದ್ದ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ವ್ಯವಸ್ಥೆಗೆ ಅಡ್ಡಿ ಬಂದದ್ದು ಅತ್ತಿಗೆಯವರ ಲೈಸೆನ್ಸಿನಿಂದ. ಅವರು ಎರಡನೆಯ ಪ್ರಯತ್ನದಲ್ಲಿ ಪರೀಕ್ಷೆ ಪಾಸಾಗಿ, ಲೈಸೆನ್ಸಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟಿದ್ದರು. ಹೊಲದಲ್ಲಿ ಚೆಂಡು ಹೂವಿನ ಸಾಲುಗಳು ಅವರವೇ. ನೆಟ್ಟವರು ಅವರು, ಬಿಡಿಸಿದವರು ಅವರು. ಆದರೆ ಗುಂಡ್ಲುಪೇಟೆಗೆ ಒಯ್ದು, ಹೂವಿನವರೊಡನೆ ಮಾತಾಡಿ ಬರುವವನು ಅಣ್ಣ. ತಮ್ಮ ಹೂವನ್ನು ತಾವೇ ಒಯ್ದು ಮಾರಬೇಕೆಂಬುದು ಅತ್ತಿಗೆಯವರ ಬಹುದಿನದ ಆಸೆಯಾಗಿತ್ತು.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರು ವಿಷಯ ಮಂಡಿಸಿದರು. “ಲೈಸೆನ್ಸು ಬಂತಲ್ಲ. ಸೋಮ್ವಾರದ್ ಹೂವ ನಾನೇ ಗಾಡೀಲಿ ತಕಂಡ್ ಓಯ್ತೀನಿ.”

“ಬಾಗ್ಲು ಯಾರಾಕರು?” ಎಂದ ಅಣ್ಣ, ಮುದ್ದೆ ಮುರಿಯುತ್ತ.

“ನಿಮ್ಗ್ಯಾರಾಕರು?”

“ನಂಗೆ ಊರೂರಲ್ಲೂ ಜನ ಅವ್ರೆ. ನೀನು ಸಿಕ್ಕಸಿಕ್ಕೋರ್ನ ಕರ್ದು ಬಾಗ್ಲಾಕಪ್ಪ ಅಂತ ನಿಂತ್ಕಂಡೀಯಾ? ಒಳಗ್ ಕುಂತ್ಕಂಡು ಒಂದೇ ಕೈಲಿ ಬಾಗ್ಲಾಕು. ಅವತ್ತೇ ಗಾಡಿ ಕೀ ಕೊಟ್ಬುಡ್ತೀನಿ.”

“ಅವ್ವ, ಕೇಳುಸ್ಕಂಡ್ಯಾ?” ಎಂದು ಅತ್ತಿಗೆ ಒಲೆಯ ಕಡೆ ತಿರುಗಿದರು.

“ಕೇಳುಸ್ಕಂಡೆ ಕಣಮ್ಮಿ” ಎಂದಳು ಅವ್ವ. “ಮಾತ್ ತಪ್ಪುದ್ರೆ ನಾನಿವ್ನಿ, ಬುಡು.”

ನಾನು ಮನಸ್ಸಿನಲ್ಲಿಯೇ ಅತ್ತಿಗೆಯವರ ಪಕ್ಷ ವಹಿಸಿದ್ದೆ. ಅವರಿಗೆ ನೆರವಾಗಬೇಕೆಂಬ ಉದ್ದೇಶದಿಂದ ಮರುದಿನ ಯಾರಿಗೂ ತಿಳಿಸದೆ ಬಿಡಿಭಾಗದ ಅಂಗಡಿಗೆ ಹೋಗಿ, ಬಾಗಿಲಿನ ಸುತ್ತ ಅಂಟಿಸುವ ಹೊಸ ರಬ್ಬರ್ ಪಟ್ಟಿ ತಂದೆ. ಇದ್ದವುಗಳಲ್ಲಿ ದಪ್ಪನೆಯದನ್ನೇ ಆರಿಸಿದೆ, ದಪ್ಪವಿದ್ದಷ್ಟೂ ಒಳ್ಳೆಯದೆಂಬ ನಂಬಿಕೆಯಿಂದ. ಒಂದು ಸಂಜೆಯೆಲ್ಲ ಕುಳಿತು ಎರಡೂ ಬಾಗಿಲುಗಳಿಗೆ ಅಂಟಿಸಿದೆ. ಪರಿಣಾಮವಾಗಿ, ಬಲ ಬಾಗಿಲು ತೆರೆದಿದ್ದರೆ ಮಾತ್ರ ಎಡ ಬಾಗಿಲು ಮುಚ್ಚುವ ಹಾಗಾಯಿತು. ಬಲ ಬಾಗಿಲಿಗೆ ಒಂದು ಏಟು ಸಾಲುತ್ತಿದ್ದಲ್ಲಿ ಮೂರು ಬೇಕಾದವು.

ಅತ್ತಿಗೆ ಒಳಗೆ ಕುಳಿತು ನಾಲ್ಕೈದು ಬಾರಿ ಎಳೆದು ನೋಡಿ, ಕಿಟಕಿಯಿಂದ ತಲೆ ಹೊರಹಾಕಿದರು. “ಗುಮಾಸ್ತ್ರೆ, ನೀವು ನನ್ ಕಡೆನಾ, ಅವ್ರ್ ಕಡೆನಾ?”

ನಾನು ಮಿಕ್ಕ ರಬ್ಬರಿನ ತುಂಡುಗಳನ್ನು ಆಯ್ದುಕೊಂಡು ಒಳಗೆ ನಡೆದೆ.

ಭಾನುವಾರ ಬೆಳಿಗ್ಗೆ ಗುಂಡ್ಲುಪೇಟೆಯ ಮೆಕ್ಯಾನಿಕ್ಕಿನ ಬಳಿ ಹೋಗುವುದೆಂದು ಅತ್ತಿಗೆಯೇ ತೀರ್ಮಾನಿಸಿದರು. ಸೋಮವಾರಕ್ಕೆ ಉಳಿದಿದ್ದುದು ಅದೊಂದೇ ದಿನ. ಅಣ್ಣ ಗಾಡಿ ಓಡಿಸಿದ, ಅತ್ತಿಗೆ ನಡುವೆ ಕುಳಿತರು, ನಾನು ಅಣ್ಣನ ಬಾಗಿಲು ಬಡಿದು ಬಂದು ಎಡಗಡೆ ಕುಳಿತು, ಇನ್ನು ಮುಚ್ಚಲೊಪ್ಪದ ಆ ಕಡೆಯ ಬಾಗಿಲಿನ ಹಿಡಿಗೆ ಕಟ್ಟಿದ ಹಗ್ಗವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡೆ. ತಿರುವುಗಳಲ್ಲಿ ಬಾಗಿಲು ನನ್ನನ್ನು ಹೊರಕ್ಕೆ ಎಳೆಯುತ್ತಿತ್ತು. ಅತ್ತಿಗೆ ನನ್ನ ಅಂಗಿಯ ಕೊರಳಪಟ್ಟಿಯನ್ನು ಹಿಡಿದು ಒಳಕ್ಕೆ ಎಳೆಯುತ್ತಿದ್ದರು. “ಎತ್ತಿನ್ ಮೂಗುದಾರ ಇಡ್ದಂಗವ್ನೆ ನೋಡು” ಎಂದು ಅಣ್ಣ ದಾರಿಯುದ್ದಕ್ಕೂ ನಗುತ್ತಿದ್ದ.

ಸದರಿ ಮೆಕ್ಯಾನಿಕ್ಕು ಕೇರಳದ ಕಡೆಯಿಂದ ಬಂದು ಗುಂಡ್ಲುಪೇಟೆಯಲ್ಲಿ ನೆಲೆಸಿದವರು, ಅರವತ್ತರ ಆಸುಪಾಸಿನವರು. ವಯಸ್ಸು ಎಷ್ಟೇ ಇರಲಿ, ಗಿರಾಕಿಗಳೆಲ್ಲ ಅವರಿಗೆ ‘ಚೇಟ್ಟಾ’, ‘ಚೇಚಿ’, ಅಂದರೆ ಅಣ್ಣ, ಅಕ್ಕ. ಅಣ್ಣ ಇಳಿಯುತ್ತಲೇ ಆದೇಶ ಹೊರಡಿಸಿದ. “ಕೀಲು ಸವ್ದೋಗದೆ. ಕೀಲು ಬದ್ಲಾಯ್ಸಿ.”

ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಬಾಗಿಲನ್ನು ಅರ್ಧ ತೆರೆದು, ತುದಿಯನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿದರು. ಅದು ಕದಲಲಿಲ್ಲ. “ಕೀಲು ಸೂಪರ್ ಉಂಟು, ಚೇಟ್ಟಾ. ಅದನ್ನ ಸುಮ್ನೆ ಬೈಬೇಡ.” ಬಳಿಕ ಎಡಗಡೆಯ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಬಲ ಬಾಗಿಲನ್ನು ತಳ್ಳಿದರು. ಅದು ಮುಚ್ಚಲಿಲ್ಲವಾದರೂ, ಮೊದಲಿಗಿಂತ ಸುಲಭವಾಗಿ ಒಳಕ್ಕೆ ಹೋಯಿತು. “ಒಳಗಿನ ಗಾಳಿಗೆ ಹೋಗ್ಲಿಕ್ಕೆ ದಾರಿ ಇಲ್ಲ. ಈ ರಬ್ಬರ್ ಯಾರು ಹಾಕಿದ್ದು? ಇದು ಬಸ್ಸಿಂದು.”

“ನಾನು” ಎಂದೆ.

“ನೀವು ಏನು ಕೆಲಸ?”

“ಕಚೇರಿಯಲ್ಲಿ ಗುಮಾಸ್ತ.”

“ಆಂ, ಅದೇ” ಎಂದು ಅವರು ರಬ್ಬರನ್ನು ಒಂದೇ ಎಳೆತಕ್ಕೆ ಕಿತ್ತು ನನ್ನ ಕೈಗಿತ್ತರು. ಅಣ್ಣ ಆಕಾಶ ನೋಡುತ್ತ ನಕ್ಕ.

ಆದರೂ ಬಾಗಿಲು ಕೂರಲಿಲ್ಲ. ಬಾಗಿಲಿನ ಅಂಚಿನಲ್ಲಿರುವ ಬೀಗಕ್ಕೆ ಒಂದು ಕೊಕ್ಕೆಯಿದೆ. ಬಾಗಿಲು ಮುಚ್ಚಿದಾಗ ಅದು ಚಕ್ಕನೆ ತಿರುಗಿ, ಗಾಡಿಯ ಕಂಬದ ಮೇಲಿನ ಗೂಟವನ್ನು ಕಚ್ಚಿಕೊಳ್ಳಬೇಕು. ಮೆಕ್ಯಾನಿಕ್ಕು ಸ್ಕ್ರೂಡ್ರೈವರಿನಿಂದ ಆ ಕೊಕ್ಕೆಯನ್ನು ಒತ್ತಿದಾಗ ಅದು ನಿದ್ದೆಯಿಂದ ಎದ್ದವರ ಹಾಗೆ ನಿಧಾನವಾಗಿ ಹೊರಳಿತು. ಅವರು ಬೀಗದ ಬಾಯೊಳಗೆ ಸ್ಕ್ರೂಡ್ರೈವರಿನ ತುದಿಯಾಡಿಸಿ, ಹಳದಿ ಬಣ್ಣದ, ಅರಗಿನಷ್ಟು ಗಟ್ಟಿಯಾದ ಒಂದು ಉಂಡೆಯನ್ನು ಹೊರತೆಗೆದರು. ಅದನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡಿದರು. ಮುಖದಲ್ಲಿ ಏನೋ ಸಂದೇಹ. ಅತ್ತಿಗೆಯ ಕಡೆ ಚಾಚಿದರು.

ಅತ್ತಿಗೆಯೂ ಮೂಸಿದರು. “ಇದು ದೇವ್ರ್ ಮನೆ ವಾಸ್ನೆ” ಎಂದರು.

ಆ ಕ್ಷಣಕ್ಕೆ ನನಗೆ ಎಲ್ಲವೂ ತಿಳಿದುಹೋಯಿತು.

ಈ ಸಂಬಂಧ ಒಂದು ವಿವರಣೆ ಅಗತ್ಯ. ನಮ್ಮ ಮನೆಯಲ್ಲಿ ಶುಕ್ರವಾರದ ದೀಪಕ್ಕೆ ಹರಳೆಣ್ಣೆ. ದೀಪ ಶಾಂತವಾದ ಮೇಲೆ ಉಳಿದ ಎಣ್ಣೆಯನ್ನು ಮನುಷ್ಯರು ತುಳಿಯುವಲ್ಲಿ ಚೆಲ್ಲಬಾರದೆಂದು ಅವ್ವನ ಕಟ್ಟುನಿಟ್ಟು. ಅದನ್ನು ಬಾಗಿಲಿನ ತಿರುಗಣಿಗಳಿಗೆ ಬಿಡಬೇಕು. ದೀಪದೆಣ್ಣೆ ಬಿದ್ದ ಬಾಗಿಲು ಮನೆಯವರ ಮಾತು ಕೇಳುತ್ತದೆ ಎಂದು ಅವಳ ತಾಯಿ ಹೇಳಿದ್ದರಂತೆ. ಚಿಕ್ಕಂದಿನಿಂದ ಆ ಬಟ್ಟಲು ಹಿಡಿಯುವ ಕೆಲಸ ನನ್ನದು. ಗಾಡಿ ಮನೆಗೆ ಬಂದ ಮೇಲೆ, ಅದಕ್ಕೂ ಬಾಗಿಲುಗಳಿವೆಯಲ್ಲ ಎಂದು ಯೋಚಿಸಿ, ತಿರುಗುವ ಕೊಕ್ಕೆಯೇ ಅದರ ತಿರುಗಣಿಯೆಂದು ಬಗೆದು, ಪ್ರತಿ ಶುಕ್ರವಾರ ತಪ್ಪದೆ ಎರಡು ಬೀಗಗಳಿಗೂ ಎಣ್ಣೆ ಬಿಡುತ್ತ ಬಂದಿದ್ದೆ. ಬಾಗಿಲು ಬಿಗಿಯಾದಂತೆಲ್ಲ ಇನ್ನೊಂದು ಹನಿ ಹೆಚ್ಚಿಗೆ ಬಿಟ್ಟೆ. ಅಂಟಿದ ಎಣ್ಣೆಯ ಮೇಲೆ ಅರಿಶಿನದ ಮೂಟೆಗಳ ಪುಡಿ ಕೂತು, ವರ್ಷಗಳಿಂದ ಪದರದ ಮೇಲೆ ಪದರ ಬೆಳೆದಿತ್ತು.

ನನ್ನ ಜೀವನದಲ್ಲಿ ಬರೆದ ಯಾವ ಸಮಜಾಯಿಷಿಯೂ ಆಗ ನೆರವಿಗೆ ಬರಲಿಲ್ಲ. “ಎಣ್ಣೆ ಬಿಟ್ಟವನು ನಾನೇ” ಎಂದಷ್ಟೇ ಹೇಳಿದೆ.

ಅಣ್ಣ ನನ್ನ ಕಡೆ ತಿರುಗಿದ. “ಅಂದ್ರೆ ಇಷ್ಟ್ ವರ್ಸ ಬಾಗ್ಲ ಬಿಗಿ ಮಾಡ್ತಿದ್ದೋನೂ ನೀನೆ, ಬಡೀತಿದ್ದೋನೂ ನೀನೆ?”

“ನೀವೂ ಏನ್ ಕಮ್ಮಿ ಇಲ್ಲ” ಎಂದರು ಅತ್ತಿಗೆ. “ಆ ಗೂಟುಕ್ ಸುತ್ಗೇಲಿ ಬಡ್ದೋರ್ಯಾರು?” ಅದೂ ನಿಜವಾಗಿತ್ತು. ಅಣ್ಣ ಹಿಂದೊಮ್ಮೆ ಕಂಬದ ಮೇಲಿನ ಗೂಟಕ್ಕೆ ಸುತ್ತಿಗೆಯಿಂದ ನಾಲ್ಕು ಕೊಟ್ಟು ಅದರ ಜಾಗ ತಪ್ಪಿಸಿದ್ದ. ಅಣ್ಣನ ನಗೆ ನಿಂತಿತು. ನನ್ನ ಎದೆಭಾರ ಸ್ವಲ್ಪ ಇಳಿಯಿತೆಂದು ಒಪ್ಪಿಕೊಳ್ಳುತ್ತೇನೆ.

ಮೆಕ್ಯಾನಿಕ್ಕು ಬೀಗಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಹಲ್ಲುಜ್ಜುವ ಹಳೆಯ ಬ್ರಷ್ಷೊಂದನ್ನು ನನಗೆ ಕೊಟ್ಟು, “ಉಜ್ಜಿ, ಗುಮಾಸ್ತರೇ” ಎಂದರು. ಕೊಕ್ಕೆ ಹೊಳೆಯುವವರೆಗೆ ಉಜ್ಜಿದೆ. ಅಷ್ಟರಲ್ಲಿ ಅವರು ಗೂಟದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಬೋಲ್ಟು ಸಡಿಲಿಸಿ, ಗೆರೆಯಿಂದ ಕೂದಲೆಳೆಯಷ್ಟು ಕೆಳಕ್ಕೂ ಹೊರಕ್ಕೂ ಸರಿಸಿ ಬಿಗಿ ಮಾಡಿದರು. ಬೀಗ ಒಣಗಿದ ಮೇಲೆ ಬಟಾಣಿ ಗಾತ್ರದ ಗ್ರೀಸು ಹಚ್ಚಿ ಕೂರಿಸಿದರು. ಸುತ್ತಲೂ ತೆಳುವಾದ ರಬ್ಬರ್ ಅಂಟಿಸಿದರು. ಎಲ್ಲ ಮುಗಿದಾಗ ಹೊತ್ತು ನೆತ್ತಿ ದಾಟಿತ್ತು.

ಅಣ್ಣ ಇನ್ನೂ ನಂಬಿಕೆ ಬಾರದೆ ಬಾಗಿಲು ಬಡಿಯಲು ಭುಜ ಕೊಟ್ಟು ನಿಂತ. ಮೆಕ್ಯಾನಿಕ್ಕು ಅವನನ್ನು ಪಕ್ಕಕ್ಕೆ ಸರಿಸಿ, ಅತ್ತಿಗೆಯತ್ತ ತಿರುಗಿ, “ಚೇಚಿ ಹತ್ತಲಿ” ಎಂದರು.

ಅತ್ತಿಗೆ ಚಾಲಕನ ಸೀಟಿನಲ್ಲಿ ಕುಳಿತು, ಸೆರಗು ಒಳಗೆಳೆದುಕೊಂಡು, ಹಿಡಿಗೆ ಎರಡು ಬೆರಳು ಕೊಟ್ಟರು. ಬಾಗಿಲು ಟಕ್ಕೆಂದು ಕೂತಿತು. ಮತ್ತೆ ತೆರೆದರು, ಮತ್ತೆ ಹಾಕಿದರು. ಐದಾರು ಬಾರಿ ಹಾಗೆಯೇ ಮಾಡಿ, ಕಿಟಕಿಯಿಂದ ಕೈಯನ್ನು ಹೊರಚಾಚಿ ಅಣ್ಣನ ಮುಂದೆ ಅಂಗೈ ಹಿಡಿದರು. ಅಣ್ಣ ಜೇಬಿನಿಂದ ಕೀ ತೆಗೆದು ಕೊಟ್ಟ. ಉಡಿಗಾಲದವರೆಗೆ ನಡುವಿನ ಜಾಗದಲ್ಲಿ ಕುಳಿತವನು ಅವನು.

ಸೋಮವಾರ ಬೆಳಿಗ್ಗೆ ಹೂವಿನ ಚೀಲಗಳು ತುಂಬಿ, ಗಾಡಿ ಹೊರಡಲು ಸಿದ್ಧವಾದಾಗ, ನಾನು ಎಂದಿನಂತೆ ಬಾಗಿಲ ಪಕ್ಕ ಭುಜ ಬಗ್ಗಿಸಿ ನಿಂತಿದ್ದೆ. “ಏನ್ ಗುಮಾಸ್ತ್ರೆ, ಗಾಡಿಗ್ ನಮಸ್ಕಾರ ಮಾಡ್ತಿದ್ದೀರಾ?” ಎಂದು ಅತ್ತಿಗೆ ಟಕ್ಕೆಂದು ಬಾಗಿಲು ಹಾಕಿಕೊಂಡು ಹೊರಟುಹೋದರು. ಸಂಜೆ ಬಂದಾಗ ಚೀಲಗಳೆಲ್ಲ ಖಾಲಿಯಾಗಿದ್ದವು. ಮಂಡಿಯ ಹಿರಿಯರು ಮೊಣಕಾಲು ಕೊಡಲು ಓಡಿ ಬಂದು, ಮುಚ್ಚಿದ ಬಾಗಿಲನ್ನು ಕಂಡು, “ಇದ್ ಅದೇ ಗಾಡಿ ತಾನೆ?” ಎಂದು ನಂಬರು ಓದಿಸಿಕೊಂಡರಂತೆ.

ಆ ವಾರದ ಶುಕ್ರವಾರವೂ ದೀಪದಲ್ಲಿ ಎಣ್ಣೆ ಉಳಿಯಿತು. ಅವ್ವ ಬಟ್ಟಲನ್ನು ನನ್ನ ಕೈಗಿಟ್ಟು, “ಮನೆ ಬಾಗ್ಲಿಗಷ್ಟೇ ಬುಡು ಮಗ. ಮಿಕ್ಕುದ್ದ ನಿನ್ ತಲೆಗ್ ತಿಕ್ಕೋ” ಎಂದಳು. ಅವಳು ಹೇಳಿದಂತೆಯೇ ಮಾಡಬೇಕೆಂದು ಬಟ್ಟಲು ಹಿಡಿದು ಅಂಗಳಕ್ಕೆ ಇಳಿದೆ. ಗಾಡಿಯಲ್ಲಿ ಕುಳಿತು ಗಾಜು ಒರೆಸುತ್ತಿದ್ದ ಅತ್ತಿಗೆ ನನ್ನನ್ನು ಕಂಡೊಡನೆ ಎರಡೂ ಬಾಗಿಲುಗಳಿಗೆ ಒಳಗಿನಿಂದ ಚಿಲಕ ಹಾಕಿಕೊಂಡರು.