ಶಾರದತ್ತೆ ಹೊಡೆಸಿದ ಏಟು

ನಿನ್ನೆ ವಿನೋಬನಗರದ ವೆಲ್ಡಿಂಗ್ ಅಂಗಡಿ ಮುಂದೆ ಕಾದ ಕಬ್ಬಿಣದ ವಾಸನೆ ಬಡಿದು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ನಮ್ಮ ಕ್ವಾರ್ಟರ್ಸ್ ನೆನಪಾಯಿತು.

ಶಿಫ್ಟಿನಿಂದಾಗಿ ಸಿನಿಮಾ ತಪ್ಪಿದ ನಮ್ಮಪ್ಪನಂಥವರಿಗೆಲ್ಲ ಶಾರದತ್ತೆ ನಲ್ಲಿಯ ಹತ್ತಿರ ನಿಂತು ಕಥೆ ಹೇಳುತ್ತಿದ್ದರು. ಒಂದು ಸಿನಿಮಾದ ಕೊನೆಯಲ್ಲಿ ಕೂಲಿಯವನು ಮಾಲೀಕನ ಕೆನ್ನೆಗೆ ಬಾರಿಸುತ್ತಾನೆ. ಅಲ್ಲಿಗೆ ಬಂದಾಗ ಅತ್ತೆ ಖಾಲಿ ಕೊಡಕ್ಕೆ ಫಟೀರನೆ ಹೊಡೆಯುತ್ತಿದ್ದರು. ಯಾವ ಕರಪತ್ರವನ್ನೂ ಓದುವ ಮೊದಲೇ ನನಗೆ ಅನ್ಯಾಯಕ್ಕೆ ತಲೆಬಾಗದಿರಲು ಕಲಿಸಿದ್ದು ಆ ಏಟು. ಮಾಲೀಕನಿಗೆ ಬಿದ್ದ ಆ ಏಟನ್ನು ಥಿಯೇಟರಿನಲ್ಲೇ ಕಣ್ಣಾರೆ ಕಂಡೆವೆಂದು ನಮ್ಮ ಕ್ವಾರ್ಟರ್ಸ್ ಲೈನಿನವರೆಲ್ಲ ಇಂದಿಗೂ ಆಣೆ ಮಾಡುತ್ತಾರೆ.

ಇವತ್ತು ಫೋನಿನಲ್ಲಿ ಆ ಸಿನಿಮಾ ಪೂರ್ತಿ ನೋಡಿದೆ. ಏಟೇ ಇಲ್ಲ! ಕೂಲಿಯವನು ಮಾಲೀಕನ ಕಾಲಿಗೆ ಬೀಳುತ್ತಾನೆ. ತಡೆಯಲಾರದೆ ಅತ್ತೆಗೆ ಫೋನ್ ಮಾಡಿದೆ.

"ಮಾರನೇ ದಿನ ನಿಮ್ಮಪ್ಪ ತಲೆ ಎತ್ಕೊಂಡು ಡ್ಯೂಟಿಗೆ ಹೋಗ್ಬೇಕಿತ್ತಲ್ಲ ಮಾರಾಯ," ಅಂದರು ಅತ್ತೆ. "ಆ ಕೂಲಿಯವ್ನು ಹೊಡೀಲಿಲ್ಲ, ನಾನೇ ಹೊಡೆಸ್ದೆ."