ಗಾಡಿ ಜಾಡಿನ ಅಳತೆಗೆ ಮೂರು ಚಕ್ರ

2025ರ ಫೆಬ್ರವರಿ 9, ಭಾನುವಾರ, ಬೆಳಿಗ್ಗೆ 7.20. ಧನಗೆರೆಯ ನಮ್ಮ ಮನೆಯಂಗಳದಲ್ಲಿ ಚಿಕ್ಕಪ್ಪ ನನ್ನ ಕೈಗೆ ಸ್ಪ್ಯಾನರ್ ಕೊಟ್ಟು, ಬೈಕಿನ ಹಿಂದಿನ ಚಕ್ರ ಬಿಚ್ಚು ಎಂದರು. ಎಂಟು ಗಂಟೆಗೆ ಚಕ್ರ ಹೊರಗೆ ಬಂದಿತ್ತು. ಹಿಂಭಾಗಕ್ಕೆ ಎರಡು ಇಟ್ಟಿಗೆ ಕೊಟ್ಟು ನಿಲ್ಲಿಸಿದೆವು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಅದು ದೂರದ ಪ್ರಯಾಣಕ್ಕೆಂದೇ ಮಾಡಿದ ಗಾಡಿ. ಅಗಲ ಸೀಟು, ದೊಡ್ಡ ಟ್ಯಾಂಕು, ಎತ್ತಲಾಗದಷ್ಟು ಭಾರ. ಅದರಲ್ಲಿ ಚಿಕ್ಕಪ್ಪ ಕನ್ಯಾಕುಮಾರಿಗೆ ಎರಡು ಸಲ, ಊಟಿಗೆ ಏಳು ಸಲ ಹೋಗಿ ಬಂದಿದ್ದರು. ಹೋದ ವರ್ಷ ಲಕ್ವ ಹೊಡೆದು ಎಡಗಾಲಿನ ಶಕ್ತಿ ಹೋಯಿತು. ಕೋಲು ಹಿಡಿದು ನಡೆಯುತ್ತಾರೆ. ಆದರೆ ಗೇರ್ ಹಾಕಲು, ನಿಂತ ಬೈಕನ್ನು ತಾಳಿಕೊಳ್ಳಲು ಆ ಕಾಲಿಗೆ ಆಗದು. ಮೂರು ಚಕ್ರ ಮಾಡಿದರೆ ಓಡಿಸಬಹುದೆಂದು ಡಾಕ್ಟರು ಬರೆದುಕೊಟ್ಟರು. ಆ ಪತ್ರ ತೋರಿಸಿ ಆರ್‌ಟಿಒ ಕಚೇರಿಯ ಅನುಮತಿಯನ್ನೂ ಪಡೆದೆವು. ಉಳಿದದ್ದು ಚಿಕ್ಕಮ್ಮನ ಅನುಮತಿ.

ಅವರು ಷರತ್ತು ಹಾಕಿದರು. ಯುಗಾದಿಯೊಳಗೆ ಮುಗಿಯಬೇಕು, ಖರ್ಚು ಮೂವತ್ತು ಸಾವಿರ ದಾಟಬಾರದು. ಕೊನೆಯದನ್ನು ಚಿಕ್ಕಪ್ಪನ ಮುಖ ನೋಡಿಕೊಂಡೇ ಹೇಳಿದರು. "ಅಜ್ಜೀಪುರಕ್ಕೆ, ನಮ್ಮಪ್ಪನ ಮನೆ ಬಾಗ್ಲಿಗೆ ನನ್ನ ಕುಂಡ್ರಿಸ್ಕಂಡು ಓಗ್ಬೇಕು. ದಾರೀಲಿ ಯಾರೂ ಗಾಡಿ ಮುಟ್ಬಾರ್ದು, ತಳ್ಬಾರ್ದು. ಆಗ್ಲಿಲ್ವಾ, ಮಾರ್ಬುಡದು." ಕೊಳ್ಳಲು ಹನೂರಿನವರೊಬ್ಬರು ಆಗಲೇ ಎರಡು ಸಲ ಫೋನು ಮಾಡಿದ್ದರು. ಚಿಕ್ಕಪ್ಪ ಒಪ್ಪಿಕೊಂಡರು. ದಿನಚರಿ ಬರೆಯುವವನು ನಾನಾದ್ದರಿಂದ ಲೆಕ್ಕ ನನ್ನ ಪಾಲಿಗೆ ಬಂತು.

ಕೊಳ್ಳೇಗಾಲದ ಗುಜರಿಯಲ್ಲಿ, ನಜ್ಜುಗುಜ್ಜಾದ ಲಗೇಜ್ ಆಟೋದ ಚಕ್ರ, ಡ್ರಮ್ಮು, ಬ್ರೇಕು ಸಿಕ್ಕವು. ತಿರುವಿನಲ್ಲಿ ಎರಡು ಚಕ್ರವೂ ಬೇರೆ ಬೇರೆ ವೇಗದಲ್ಲಿ ಉರುಳಲೆಂದು ನಡುವೆ ಕೂರಿಸುವ ಡಿಫರೆನ್ಷಿಯಲ್ ಮಾತ್ರ ನಾಲ್ಕನೆಯ ಸಲ ಹೋದಾಗ ಸಿಕ್ಕಿತು. ಲೇತಿನವರು ಅದಕ್ಕೆ ಬೈಕಿನ ಚೈನು ಹಿಡಿಯುವ ಹಲ್ಲುಚಕ್ರ ಜೋಡಿಸಿಕೊಟ್ಟರು. ಗೇರಿಗೆ ಉದ್ದನೆಯ ಕಬ್ಬಿಣದ ಸರಳು ಹಾಕಿ ಟ್ಯಾಂಕಿನ ಬಲಕ್ಕೆ ತಂದೆವು. ಗೇರ್ ಹಾಕುವಾಗ ಆಕ್ಸಿಲರೇಟರ್ ಹೇಗೂ ಬಿಡಬೇಕು, ಆ ಕೈಗೇ ಈ ಕೆಲಸ. ಇದು ಚಿಕ್ಕಪ್ಪನ ಉಪಾಯ. ಅದು ಮೊದಲ ಸಲ ಕೆಲಸ ಮಾಡಿದಾಗ ಅವರು ಒಂದರಿಂದ ಐದರವರೆಗೆ, ಐದರಿಂದ ಒಂದರವರೆಗೆ ಒಂಬತ್ತು ಸಲ ಹಾಕಿ ತೆಗೆದರು. ನಾನು ಎಣಿಸಿದ್ದೇನೆ.

ಹಿಂದಿನ ಚೌಕಟ್ಟನ್ನು ಬೆಸೆದದ್ದು ಮಾಂಬಳ್ಳಿಯಲ್ಲಿ, ಟ್ರ್ಯಾಕ್ಟರ್ ಟ್ರೈಲರ್ ಮಾಡುವ ವೆಲ್ಡರ್. ಚಕ್ರಗಳ ನಡುವೆ ಎಷ್ಟು ಅಗಲ ಬಿಡಬೇಕೆಂದು ಕೇಳಿದ್ದಕ್ಕೆ ಅವರು ಟೇಪನ್ನೇ ತೆಗೆಯಲಿಲ್ಲ. "ನಾಕೂವರೆ ಅಡಿ ಕಣಣ್ಣ. ಎತ್ತಿನ ಗಾಡಿ ಜಾಡು ಅಷ್ಟೇಯ, ನನ್ ಟ್ರೈಲರೂ ಅಷ್ಟೇಯ. ಎರಡು ಗಾಲಿನೂ ಜಾಡಲ್ಲಿ ಕುಂತ್ಕಂಡ್ರೆ ರೈಲು ಓದಂಗೆ ಓಯ್ತದೆ."

ವೆಲ್ಡರ್, ಚಿಕ್ಕಪ್ಪ, ನಾನು, ಮೂವರಿಗೂ ಇದು ಬಹಳ ಹಿಡಿಸಿತು. ಚಿಕ್ಕಮ್ಮನ ತಂದೆಯ ಮನೆಯಿರುವುದು ಹೊಲದ ನಡುವೆ, ಕೊನೆಯ ಅರ್ಧ ಮೈಲಿ ಬರೀ ಗಾಡಿ ಜಾಡು. ನಾನು ಪುಸ್ತಕದಲ್ಲಿ 'ನಾಲ್ಕೂವರೆ ಅಡಿ' ಎಂದು ಬರೆದು ಕೆಳಗೆ ಗೆರೆ ಎಳೆದೆ.

ಮಾರ್ಚ್ 16ರಿಂದ ಅಭ್ಯಾಸ. ಎರಡು ಚಕ್ರದ ಅಭ್ಯಾಸ ಬಿಡಿಸುವುದೇ ಕಷ್ಟವಾಯಿತು. ಬೈಕಾದರೆ ತಿರುವಿಗೆ ಮೈ ವಾಲಿಸಿದರೆ ಸಾಕು. ಇದು ವಾಲುವುದಿಲ್ಲ, ಹ್ಯಾಂಡಲನ್ನು ಎಳೆದೇ ತಿರುಗಿಸಬೇಕು. ಚಿಕ್ಕಪ್ಪ ಮೈ ವಾಲಿಸಿಕೊಂಡು ನೇರ ಬದುವಿಗೆ ಹೋದದ್ದು ಆರು ಸಲ. ನಿಲ್ಲಿಸುವಾಗ ಕಾಲು ಇಳಿಬಿಟ್ಟದ್ದು ಮೊದಲ ದಿನ ಹನ್ನೊಂದು, ಎರಡನೆಯ ದಿನ ನಾಲ್ಕು, ಮೂರನೆಯ ದಿನ ಸೊನ್ನೆ. ಕಾಲು ಇಳಿಬಿಟ್ಟರೆ ಹಿಂದಿನ ಚಕ್ರ ಹಿಮ್ಮಡಿಯ ಮೇಲೆ ಹತ್ತುತ್ತದೆ. ಅದಕ್ಕೇ ಎಡಗಾಲು ಜಾರದಂತೆ ಫುಟ್‌ರೆಸ್ಟಿಗೊಂದು ಪಟ್ಟಿ ಕಟ್ಟಿದೆವು. ವೇಗದಲ್ಲಿ ತಿರುಗಿದಾಗ ಒಳಗಿನ ಚಕ್ರ ನೆಲ ಬಿಟ್ಟದ್ದು ಎರಡು ಸಲ. ಇದನ್ನು ಚಿಕ್ಕಮ್ಮನಿಗೆ ಹೇಳಬೇಡ ಅಂದರು. ಹೇಳಲಿಲ್ಲ, ಬರೆದಿಟ್ಟೆ. ಆರ್‌ಟಿಒ ಕಚೇರಿಗೂ ಒಯ್ದು ತೋರಿಸಿದೆವು. ಸುತ್ತ ನೋಡಿ ಒಪ್ಪಿದರು. ಒಟ್ಟು ಖರ್ಚು ಇಪ್ಪತ್ತೆಂಟು ಸಾವಿರದ ಆರುನೂರು.

ಮಾರ್ಚ್ 23, ಭಾನುವಾರ, ಬೆಳಿಗ್ಗೆ 6.40ಕ್ಕೆ ಹೊರಟೆವು. ಚಿಕ್ಕಮ್ಮ ಹಿಂದಿನ ಸೀಟಿನಲ್ಲಿ, ನಾನು ಸ್ಕೂಟರಿನಲ್ಲಿ. ಹನೂರಿನವರೆಗೆ ಟಾರು ರಸ್ತೆಯಲ್ಲಿ ಗಾಡಿ ಓಡಿದ ಚೆಂದವನ್ನು ಬರೆದು ಮುಗಿಸಲಾರೆ. ದಾರಿಯಲ್ಲಿ ಎಂಟು ಜನ ನಿಲ್ಲಿಸಿ ಕೇಳಿದರು. ಎಷ್ಟು ಕಿಲೋಮೀಟರ್ ಕೊಡುತ್ತದೆಂದು ಐವರು, ಎಲ್ಲಿ ಮಾಡಿಸಿದಿರಿ ಎಂದು ಇಬ್ಬರು. ಒಬ್ಬ ಮುದುಕರು, ಉಳುವುದಕ್ಕೂ ಆಗುತ್ತದಾ ಅಂದರು.

8.05ಕ್ಕೆ ಅಜ್ಜೀಪುರ ದಾಟಿ ಜಾಡಿಗೆ ಇಳಿದೆವು. ಹಿಂದಿನ ಎರಡು ಚಕ್ರವೂ ವೆಲ್ಡರ್ ಹೇಳಿದಂತೆಯೇ ಜಾಡಿನಲ್ಲಿ ಕೂತವು. ಮುಂದಿನ ಚಕ್ರ ನಡುವಿನ ದಿಬ್ಬದ ಮೇಲೆ ಹೋಗಿ ನಿಂತಿತು. ಎತ್ತಿನ ಗಾಡಿಗೆ ನಡುವೆ ಚಕ್ರವಿಲ್ಲ. ಮೂವರು ತಲೆ ಕೂಡಿಸಿದರೂ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಹುಲ್ಲು ಬೆಳೆದ ದಿಬ್ಬದಿಂದ ಚಕ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾರಿ ಹ್ಯಾಂಡಲನ್ನು ಕಿತ್ತುಕೊಳ್ಳುತ್ತಿತ್ತು. ಇನ್ನೂರು ಹೆಜ್ಜೆಯೊಳಗೆ ಐದು ಸಲ. ಚಿಕ್ಕಪ್ಪ ನಿಲ್ಲಿಸಿಬಿಟ್ಟರು, ಅಂಗಿ ಬೆವರಿನಲ್ಲಿ ಅಂಟಿತ್ತು. ಈ ಗಾಡಿಗೆ ರಿವರ್ಸ್ ಇಲ್ಲ. ವಾಪಸು ಬರಬೇಕೆಂದರೆ ಯಾರಾದರೂ ತಳ್ಳಲೇಬೇಕು. ನಾನು ಸ್ಕೂಟರಿನಿಂದ ಇಳಿದೆ.

"ಮುಟ್ಬ್ಯಾಡ ಕಣ್ಲಾ" ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಇಳಿದು ಸೀರೆ ಎತ್ತಿಕಟ್ಟಿಕೊಂಡು ಗಾಡಿಯ ಸುತ್ತ ಬಂದರು. ಜಾಡು ನೋಡಿದರು, ಚಕ್ರ ನೋಡಿದರು. ನನಗೆ ಹನೂರಿನ ಫೋನೇ ಕಿವಿಯಲ್ಲಿ ಬಡಿಯುತ್ತಿತ್ತು.

"ಯಾಕ್ರೀ, ಇಂದಿನ ಚಕ್ರಾನೇ ಜಾಡಲ್ಲಿ ಇರ್ಬೇಕು ಅಂತ ಯಾರೇಳಿದ್ರು? ಮುಂದಿನ್ದ ಎಡಗಡೆ ಜಾಡಿಗೆ ಇಳುಸಿ. ಇಂದಿನವು ಒಂದು ದಿಬ್ಬದ ಮ್ಯಾಲೆ, ಒಂದು ಒಲದ ಅಂಚಲ್ಲಿ ಓಗ್ಲಿ."

ಚಿಕ್ಕಪ್ಪ ಬಲಗೈಯಲ್ಲಿ ಸರಳು ತಳ್ಳಿ ಒಂದನೆಯ ಗೇರ್ ಹಾಕಿ, ಹ್ಯಾಂಡಲನ್ನು ಎಡಕ್ಕೆ ಎಳೆದರು. ಮುಂದಿನ ಚಕ್ರ ಎಡ ಜಾಡಿಗೆ ಇಳಿಯಿತು. ಹಿಂದಿನವು ದಿಬ್ಬವನ್ನೂ ಹೊಲದ ಅಂಚನ್ನೂ ಹತ್ತಿ ಸಮನಾಗಿ ನಿಂತವು. ನಾಲ್ಕೂವರೆ ಅಡಿಯ ಅರ್ಧ ಎರಡೂಕಾಲು, ಮುಂದಿನ ಚಕ್ರದಿಂದ ಹಿಂದಿನ ಒಂದೊಂದಕ್ಕೂ ಅಡ್ಡಕ್ಕೆ ಅಷ್ಟೇ ದೂರ. ಅಷ್ಟು ಸಣ್ಣ ಭಾಗಾಕಾರವನ್ನು ನಾನು ಮಾಡಿರಲಿಲ್ಲ. ಗಾಡಿ ಅಲುಗದೆ ಮುಂದೆ ಹೋಯಿತು. ಚಿಕ್ಕಮ್ಮ ಪಕ್ಕದಲ್ಲೇ ಹತ್ತು ಹೆಜ್ಜೆ ನಡೆದು ನೋಡಿ, ನಿಲ್ಲಿಸಿ ಎಂದು ಮತ್ತೆ ಹತ್ತಿ ಕೂತರು.

"ನಾನೂ ಮುಟ್ಲಿಲ್ಲ. ಬರ್ಕೊ ಲೇ" ಎಂದರು ನನಗೆ.

8.31ಕ್ಕೆ ಅವರ ತಂದೆಯ ಮನೆ ಬಾಗಿಲು ಮುಟ್ಟಿದೆವು. ಕಾಫಿ ಆದ ಮೇಲೆ ಚಿಕ್ಕಪ್ಪ ನನ್ನ ಫೋನು ಇಸಿದುಕೊಂಡು ಹನೂರಿನವರಿಗೆ ತಾವೇ ಹೇಳಿದರು, ಗಾಡಿ ಕೊಡುವುದಿಲ್ಲ ಎಂದು. ಚಿಕ್ಕಮ್ಮ ತಡೆಯಲಿಲ್ಲ. ತಟ್ಟೆ ತೆಗೆಯುತ್ತಾ, ಹಾಗಾದರೆ ಬೆಟ್ಟಕ್ಕೆ ಹೋಗುವುದು ಯಾವತ್ತು ಎಂದು ಕೇಳಿದರು. ಚಿಕ್ಕಪ್ಪ ನನ್ನ ಕಡೆ ನೋಡಿದರು. ಒಳಗಿನ ಚಕ್ರ ನೆಲ ಬಿಟ್ಟ ಆ ಎರಡು ಸಲ ಇಬ್ಬರಿಗೂ ನೆನಪಾಗಿತ್ತು.

ಮಹದೇಶ್ವರ ಬೆಟ್ಟದ ರಸ್ತೆಯ ತುಂಬ ಕಡಿದಾದ ತಿರುವುಗಳು. ಮೂರು ಚಕ್ರ ಮಾಡಿಸಿದ ಬೈಕಿನಲ್ಲಿ ಇಬ್ಬರು ಕೂತು ಇಂಥ ಘಾಟಿ ಹತ್ತಿ ಇಳಿದವರು ಓದುಗರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ: ಯಾವ ತಿರುವಿಗೆ ಎಷ್ಟು ವೇಗ, ಹಿಂದೆ ಕೂತವರು ಯಾವ ಕಡೆಗೆ ಭಾರ ಹಾಕಬೇಕು, ಇಳಿಯುವಾಗ ಬ್ರೇಕು ಎಷ್ಟು ಬಿಸಿಯಾಗುತ್ತದೆ. ಕಡಿಮೆ ಖರ್ಚಿನಲ್ಲಿ ರಿವರ್ಸ್ ಮಾಡಿಸಿದವರಿದ್ದರೆ ಅದನ್ನೂ ತಿಳಿಸಿ. ಅಳತೆ ಬರೆಯುವವರು ಮುಂದಿನ ಚಕ್ರ ಎಲ್ಲಿರುತ್ತದೆ ಎಂಬುದನ್ನೂ ಸೇರಿಸಿ ಬರೆಯಿರಿ.