ಹಿಂದಿನ ಸೀಟಿಲ್ಲದ ಕಾರು

ಆ ಕಾರು ನನ್ನ ಗಂಡನ ಹುಚ್ಚು ಎಂದು ನಮ್ಮ ನೆಂಟರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಳ್ಳು. ಹುಚ್ಚು ನನ್ನದು, ಚೀಟಿ ಎತ್ತಿದ ದುಡ್ಡೂ ನನ್ನದು. ಎರಡೇ ಸೀಟಿನ, ಬಟ್ಟೆಯ ಟಾಪಿನ ಸ್ಪೋರ್ಟ್ಸ್ ಕಾರು ಬೇಕೆಂದು ಹಟ ಹಿಡಿದವಳು ನಾನು. ಐವತ್ತು ದಾಟಿದ ಹೆಂಗಸು, ಚನ್ನಪಟ್ಟಣದಲ್ಲಿ ಪೇಂಟ್ ಅಂಗಡಿ ಇಟ್ಟವರ ಹೆಂಡತಿ. ಸ್ಪೀಡಾಗಿ ಹೋಗುವ ಆಸೆ ನನಗಿರಲಿಲ್ಲ. ಎರಡು ಸೀಟಿನ ಕಾರಿನಲ್ಲಿ ಹಿಂದಿನ ಸೀಟು ಇರುವುದಿಲ್ಲ, ಅಷ್ಟೇ ನನಗೆ ಬೇಕಾಗಿದ್ದದ್ದು.

ನಾನು ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಒಂದಲ್ಲ ಒಂದು ಕಾರು ಇದ್ದೇ ಇದೆ. ಓಡಿಸುವುದು ನನ್ನ ಗಂಡ. ಅವರ ಪಕ್ಕದ ಸೀಟು ಮನೆಯ ದೊಡ್ಡವರದ್ದು. ಮೊದಲು ಮಾವನವರು ಕೂತರು. ಅವರು ತೀರಿಕೊಂಡ ಮೇಲೆ ಮಂಡಿನೋವಿನ ಅತ್ತೆ ಕೂತರು. ಅತ್ತೆಯೂ ಹೋದ ಮೇಲೆ ಇನ್ನಾದರೂ ನನ್ನ ಸರದಿ ಎಂದುಕೊಂಡೆ. ಗಂಡನ ಅಣ್ಣ, ಅಂದರೆ ನಮ್ಮ ಭಾವ, ಬಂದು ಕೂತರು. ಭಾವ ಇಲ್ಲದ ದಿನ ಮಗ. ಹಿಂದೆ ಕೂತರೆ ಅವನಿಗೆ ವಾಂತಿ ಬರುತ್ತದಂತೆ. ನನಗೂ ಬರುತ್ತದೆ, ಯಾರು ಕೇಳಿದರು? ನನ್ನ ತೊಡೆಯ ಮೇಲೆ ಯಾವಾಗಲೂ ಬ್ಯಾಗು, ಬ್ಯಾಗಿನ ಮೇಲೆ ಊಟದ ಕ್ಯಾರಿಯರ್, ಒತ್ತಿಕೊಂಡು ಪಕ್ಕದಲ್ಲಿ ಯಾರದೋ ಮಗು. ಗಂಡನ ಕಪ್ಪು ಕೂದಲು ಬೆಳ್ಳಗಾದದ್ದನ್ನು ನಾನು ಹಿಂದಿನ ಸೀಟಿನಿಂದಲೇ ನೋಡಿದ್ದೇನೆ.

ಕಾರು ಓಡಿಸಲು ನನಗೂ ಬರುತ್ತದೆ, ಲೈಸೆನ್ಸ್ ಇದೆ. ಪೆಟ್ರೋಲ್ ಹಾಕಿಸಲು, ಚಕ್ರಕ್ಕೆ ಗಾಳಿ ತುಂಬಿಸಲು, ಸರ್ವೀಸಿಗೆ ಬಿಟ್ಟು ಬರಲು ನಾನು ಓಡಿಸಬಹುದು. ಕಾರಿನಲ್ಲಿ ಜನ ಕೂತರೆಂದರೆ ಮಾತ್ರ ಕೀ ಗಂಡನ ಕೈಗೆ ಹೋಗಬೇಕು. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮಗ ಮದುವೆಯಾಗಿ ಹಳೆಯ ಕಾರನ್ನು ಮೈಸೂರಿಗೆ ತೆಗೆದುಕೊಂಡು ಹೋದಾಗ ನಾನು ಗಂಡನಿಗೆ ಹೇಳಿದೆ: "ಇನ್ನು ಇಬ್ರು ಕೂರೋ ಕಾರು ತಗೊಳ್ಳೋಣ ರೀ. ನೀವು, ನಾನು." ಹರೆಯದಲ್ಲಿ ಅಂಥದ್ದೊಂದು ಕಾರಿನ ಚಿತ್ರವನ್ನು ಅಂಗಡಿಯ ಗೋಡೆಗೆ ಅಂಟಿಸಿಕೊಂಡಿದ್ದ ಮನುಷ್ಯ. ಮುಖವೆಲ್ಲ ಅರಳಿಸಿಕೊಂಡು, "ಆಯ್ತು ಕಣೇ, ತಕೊಳವ" ಎಂದರು. ಆ ಕ್ಷಣ ಅವರ ಮೇಲೆ ನಿಜಕ್ಕೂ ಪ್ರೀತಿ ಉಕ್ಕಿತು.

ನಮ್ಮ ದುಡ್ಡಿಗೆ ಹೊಸದು ಕನಸಿನ ಮಾತು. ಈಗ ಯಾರೂ ತಯಾರಿಸದ, ಅಲ್ಲೊಂದು ಇಲ್ಲೊಂದು ಉಳಿದಿರುವ ಹಳೆಯ ಗಾಡಿಗಳೇ ಗತಿ. ನಾನು ಫೋನಿನಲ್ಲಿ ವಿಡಿಯೋ ಮೇಲೆ ವಿಡಿಯೋ ನೋಡಿ ಏನೇನು ಪರೀಕ್ಷಿಸಬೇಕೆಂದು ಕಲಿತೆ. ಮೊದಲು ಮಾಗಡಿಗೆ ಹೋದೆವು. ಹಳದಿ ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬ್ರೋಕರ್ ನನ್ನ ಗಂಡನ ಹೆಗಲ ಮೇಲೆ ಕೈಹಾಕಿ, "ಇಂಜಿನ್ ಬೆಣ್ಣೆ ಐತೆ ಅಣ್ಣ" ಎಂದ. ನಾನು, "ಕೆಳಗಿನ ಮ್ಯಾಟ್ ಎತ್ತಪ್ಪ, ತುಕ್ಕು ಹಿಡಿದಿದೆಯಾ ನೋಡ್ಬೇಕು" ಎಂದೆ. ಅವನು ನನ್ನ ಕಡೆ ತಿರುಗಲೂ ಇಲ್ಲ. "ಅಕ್ಕಂಗೆ ಕಲರ್ ಇಷ್ಟ ಆಯ್ತಾ ಕೇಳಿ ಅಣ್ಣ" ಎಂದ. ಮೈಯೆಲ್ಲ ಉರಿದುಹೋಯಿತು. ಬಗ್ಗಿ ಮ್ಯಾಟನ್ನು ನಾನೇ ಕಿತ್ತೆ. ಟಾಪಿನಿಂದ ಸೋರಿದ ಮಳೆನೀರು ನಿಂತೂ ನಿಂತೂ ತಳ ಹಪ್ಪಳದಂತಾಗಿತ್ತು, ಬೆರಳಿಟ್ಟರೆ ಪುಡಿಯಾಯಿತು. ಬ್ರೋಕರ್ ಆಗಲೂ ಸಮಾಧಾನ ಹೇಳಿದ್ದು ನನ್ನ ಗಂಡನಿಗೇ.

ಕನಕಪುರದ್ದು ಇನ್ನೊಂದು ಕಥೆ. ಕಲ್ಲು ಕ್ವಾರಿಯವರೊಬ್ಬರ ಕಾರು. ಹಂಪ್‌ಗಳಿಗೆ ತಳ ತಾಗುತ್ತದೆಂದು ಸ್ಪ್ರಿಂಗ್ ಹಾಕಿಸಿ ಎತ್ತರಿಸಿದ್ದರು. ಸ್ಪೋರ್ಟ್ಸ್ ಕಾರು ಹೋಗಿ ಟ್ರ್ಯಾಕ್ಟರ್ ಆಗಿತ್ತು. ಅದನ್ನೂ ಸಹಿಸಿಕೊಳ್ಳುತ್ತಿದ್ದೆ. ಹಿಂದಿನ ಡಿಕ್ಕಿಯನ್ನು ಕೊಯ್ಯಿಸಿ, ಕಬ್ಬಿಣದ ಫ್ರೇಮ್ ವೆಲ್ಡಿಂಗ್ ಮಾಡಿಸಿ, ಸ್ಪಂಜು ಹಾಕಿ ಒಂದು ಬೆಂಚು ಕೂರಿಸಿದ್ದರು! ಎರಡೇ ಜನ ಓಡಾಡುವ ಗಾಡಿ ಯಾತಕ್ಕೆ, ಮನೆಯವರೆಲ್ಲ ಎಲ್ಲಿ ಕೂರಬೇಕು ಎಂದು ಊರೆಲ್ಲ ಕೇಳಿದ್ದಕ್ಕೆ ಮಾಡಿಸಿದ್ದಂತೆ. "ಈಗ ಐದು ಜನ ಆರಾಮಾಗಿ ಹೋಗ್ಬೋದು" ಎಂದು ಅವರು ಹೆಮ್ಮೆಯಿಂದ ಬೆಂಚನ್ನು ತಟ್ಟಿ ತೋರಿಸಿದರು.

ನನ್ನ ಗಂಡ ಹಿಗ್ಗಿಹೋದರು. "ನೋಡೇ, ಅಣ್ಣನೂ ಬರ್ಬೋದು!"

ಆ ಬೆಂಚಿನ ಮೇಲೆ ಮಂಡಿ ಮಡಚಿ, ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು ಕೂತವಳು ಯಾರೆಂದು ನನಗೆ ಆಗಲೇ ಕಂಡಿತು. ಅಲ್ಲೇ ಕ್ವಾರಿಯವರೆದುರಿಗೇ ಕೂಗಾಡಿಬಿಟ್ಟೆ. ವಾಪಸ್ ಬಸ್ಸು ಹತ್ತಿ ಸಾತನೂರು ದಾಟಿದೆವು. ಆಮೇಲೆ ಅವರು, "ಅಷ್ಟಕ್ಕೆಲ್ಲ ಯಾಕೆ ಸಿಟ್ಟು?" ಎಂದು ಕೇಳಿದರು. ಗೊತ್ತಿಲ್ಲದೆ ಕೇಳಿದ್ದು, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಬಾಯಿಬಿಟ್ಟು ಹೇಳಿದೆ: "ಒಂದು ಸಲವಾದ್ರೂ ನಾನು ನಿಮ್ಮ ಪಕ್ಕ ಕೂತು ಹೋಗ್ಬೇಕು. ಅದಕ್ಕೆ." ಅವರು ನಕ್ಕು, "ಇಷ್ಟೇನಾ" ಎಂದರು. ಇಷ್ಟೇ.

ಕೊನೆಗೆ ಸಿಕ್ಕಿದ್ದು ರಾಮನಗರದಲ್ಲಿ, ರೇಷ್ಮೆ ನೂಲು ತೆಗೆಯುವ ಸಾಬರೊಬ್ಬರ ಮನೆಯಂಗಳದಲ್ಲಿ. ಕೆಂಪು ಬಣ್ಣ ಮಾಸಿತ್ತು, ಟಾಪು ಹರಿದು ಹೊಲಿಗೆ ಹಾಕಿಸಿಕೊಂಡಿತ್ತು, ಒಳಗೆ ಕೂತರೆ ಗೂಡು ಬೇಯಿಸುವ ನಾತ. ಆದರೆ ತಳ ಗಟ್ಟಿಯಾಗಿತ್ತು. ಬೆಳಗಿನ ತಣ್ಣನೆಯ ಇಂಜಿನ್ ಕೀ ತಿರುಗಿಸಿದ ಕೂಡಲೇ ಶುರುವಾಯಿತು, ಹೊಗೆ ಇಲ್ಲ. ಸಾಬರು ನನ್ನನ್ನೇ ನೋಡಿ, "ನೀವೇ ಓಡಿಸ್ತೀರಾ ಅಮ್ಮಾ?" ಎಂದು ಕೇಳಿದರು. "ಇಲ್ಲ, ನಮ್ಮ ಯಜಮಾನ್ರು" ಎಂದೆ. ನಾಲಗೆಗೆ ಅಷ್ಟು ಅಭ್ಯಾಸವಾಗಿತ್ತು.

ಹೊಸ ಗಾಡಿ ಮೊದಲು ಕೆಂಗಲ್ ಆಂಜನೇಯನ ಮುಂದೆ ನಿಲ್ಲಬೇಕು, ಆಮೇಲೆ ಮನೆಗೆ. ಶನಿವಾರ ಸಾಬರೇ ಕಾರನ್ನು ಅಲ್ಲಿಯವರೆಗೆ ತಂದುಕೊಟ್ಟು ಹೋದರು. ನಾವು ಚನ್ನಪಟ್ಟಣದಿಂದ ಬಸ್ಸಿನಲ್ಲಿ ಬಂದೆವು, ಭಾವನೂ ಬಂದರು. ಕಾಯಿ ಒಡೆಯುವುದು ಮನೆಯ ಹಿರಿಯರ ಕೈಯಿಂದಲೇ ಆಗಬೇಕಲ್ಲ. ಪೂಜೆ ಮುಗಿಯಿತು, ನಾಲ್ಕು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಅರ್ಚಕರು ಕುಂಕುಮ ಹಚ್ಚಿದ ಕೀಯನ್ನು ಹೂವಿನ ಜೊತೆ, "ಮನೆ ಲಕ್ಷ್ಮಿ ಹಿಡ್ಕೊಳ್ಳಲಿ" ಎಂದು ನನ್ನ ಕೈಗೆ ಹಾಕಿದರು.

ನಾನು ಕೀಯನ್ನು ಕಣ್ಣಿಗೊತ್ತಿಕೊಂಡು ತಲೆಯೆತ್ತುವಷ್ಟರಲ್ಲಿ ಭಾವ ಎಡಗಡೆಯ ಸೀಟಿನಲ್ಲಿದ್ದರು. ಅಷ್ಟು ತಗ್ಗಿನ ಕಾರಿನೊಳಗೆ ಆ ದೇಹವನ್ನು ಹೇಗೆ ತುರುಕಿಕೊಂಡರೋ.

ನಾನು ಗಂಡನ ಮುಖ ನೋಡಿದೆ. ಏನಾದರೂ ಹೇಳುತ್ತಾರೆಂದು ಕಾದೆ. ಹೇಳಿದರು. "ಮೊದಲ್ನೇ ಸಲ ಅಣ್ಣ ಕೂತ್ಕೊಳ್ಲಿ ಕಣೇ. ನೀನು ಬಸ್ಸಲ್ಲಿ ಬಂದ್ಬುಡು" ಎಂದು ಕೀಗೆ ಕೈ ಚಾಚಿದರು.

ಭಾವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರಿಗೆ ಏನು ಗೊತ್ತು? ಗೊತ್ತಿದ್ದವರು ಕೈ ಚಾಚಿಕೊಂಡು ನಿಂತಿದ್ದರು.

ಕೀ ಕೊಡಲಿಲ್ಲ. ಸುತ್ತು ಹಾಕಿ ಬಲಗಡೆಯ ಬಾಗಿಲು ತೆಗೆದು ಕೂತೆ, ಸೀಟನ್ನು ಮುಂದಕ್ಕೆಳೆದುಕೊಂಡೆ. ಭಾವ ಗಾಬರಿಯಾಗಿ, "ಏನಮ್ಮಾ ಇದು? ಹೆಣ್ಮಗಳು ಓಡ್ಸೋ ಗಾಡೀಲಿ ನಾನು ಕೂರಾಕಿಲ್ಲ" ಎಂದರು. "ಇಳೀರಿ ಭಾವ" ಎಂದೆ. ಇಳಿಯಲು ಬಹಳ ಹೊತ್ತು ಹಿಡಿಯಿತು, ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತ ಇಳಿದರು.

ಬಾಗಿಲು ತೆರೆದೇ ಇತ್ತು. "ಬನ್ನಿ, ಕೂತ್ಕೊಳ್ಳಿ" ಎಂದು ಗಂಡನನ್ನು ಕರೆದೆ. ಆಗಲೂ ಅವರು ಬಂದು ಕೂತಿದ್ದರೆ ನಾನು ಎಲ್ಲವನ್ನೂ ಮರೆಯುತ್ತಿದ್ದೆ. ಅವರು ನನ್ನನ್ನು ನೋಡಿದರು, ಅಣ್ಣನನ್ನು ನೋಡಿದರು. "ಅಣ್ಣನ್ನ ಒಬ್ರನ್ನೇ ಬಸ್ಸಲ್ಲಿ ಹೆಂಗೇ ಕಳ್ಸದು?" ಎಂದರು.

ನನ್ನನ್ನು ಒಬ್ಬಳನ್ನೇ ಕಳಿಸಬಹುದಿತ್ತು.

ಬಗ್ಗಿ ಆ ಬಾಗಿಲನ್ನು ಎಳೆದುಕೊಂಡೆ. ಅಭ್ಯಾಸಬಲ, ಬ್ಯಾಗು ತೊಡೆಯ ಮೇಲೆಯೇ ಇತ್ತು. ಅದನ್ನು ಎತ್ತಿ ಪಕ್ಕದ ಸೀಟಿನ ಮೇಲೆ ಇಟ್ಟು, ನಿಂಬೆಹಣ್ಣುಗಳ ಮೇಲೆ ಗಾಡಿ ಹತ್ತಿಸಿಕೊಂಡು ಹೊರಟೆ.